ರಾಜಾಜಿನಗರದ ಡಿಸೆಂಬರ್ 10

ನಮ್ಮ ಹಿರಿಯರಿಗೆ ಹುಟ್ಟಿದ ದಿನ ಗೊತ್ತಿತ್ತು, ತಾರೀಖು ಗೊತ್ತಿರಲಿಲ್ಲ. ‘ಕೆರೆ ಕೋಡಿ ಬಿದ್ದ ವರ್ಷ, ಕಾರ್ತಿಕ ಬಹುಳ ಪಂಚಮಿ, ದನ ಮನೆಗೆ ಬರುವ ಹೊತ್ತು’ ಎಂದು ನಮ್ಮ ಅಜ್ಜಿ ನಮ್ಮಪ್ಪನ ಜನನವನ್ನು ವರ್ಣಿಸುತ್ತಿದ್ದಳು. ಇಷ್ಟು ವಿವರ ಇದ್ದ ಮೇಲೆ ತಾರೀಖು ಕಟ್ಟಿಕೊಂಡು ಆಗಬೇಕಾದದ್ದಾದರೂ ಏನು? ಅದು ಬೇಕಾದದ್ದು ಶಾಲೆಗೆ. ಹೆಡ್ ಮಾಸ್ತರರು ಹುಡುಗನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ‘ಜೂನ್ 1’ ಎಂದು ಬರೆದುಕೊಂಡರು. ಆ ಕಾಲದ ಎಷ್ಟೋ ಜನ ಹೀಗೆ ಶಾಲೆ ತೆರೆಯುವ ತಿಂಗಳಲ್ಲೇ ಹುಟ್ಟಿದ್ದಾರೆ. ಅಪ್ಪ ರಿಟೈರ್ ಆದದ್ದು ಆ ಮಾಸ್ತರರ ತಾರೀಖಿನ ಪ್ರಕಾರ; ಮನೆಯಲ್ಲಿ ಪಾಯಸ ಮಾಡುತ್ತಿದ್ದದ್ದು ಅಜ್ಜಿಯ ಪಂಚಮಿಯ ಪ್ರಕಾರ.

ತಿಥಿಯ ಲೆಕ್ಕಕ್ಕೆ ಒಂದು ಗುಣವಿದೆ. ಅದು ಒಂದೇ ಕಡೆ ಕೂರುವುದಿಲ್ಲ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಎಂದರೆ ಅದು ನವೆಂಬರಿನಲ್ಲೂ ಬಂದೀತು, 2012ರಲ್ಲಿ ಬಂದಂತೆ ಡಿಸೆಂಬರ್ 10ಕ್ಕೂ ಬಂದೀತು. ಆದರೆ ತಾರೀಖು ಎಂಬುದು ಗೋಡೆಗೆ ಹೊಡೆದ ಮೊಳೆ. ಯಾರು ಯಾರು ಬಂದು ಅದಕ್ಕೆ ಏನೇನು ನೇತು ಹಾಕುತ್ತಾರೋ, ಎಲ್ಲವನ್ನೂ ಹೊರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಅಂಗಿಗಳು ಒಂದೇ ಮೊಳೆಯಲ್ಲಿ ತೂಗಾಡುತ್ತಿರುತ್ತವೆ.

ನಾನು ಮೂವತ್ತು ವರ್ಷ ನಗರದ ಪಶ್ಚಿಮ ಭಾಗದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದೆ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಹರಿದದ್ದಕ್ಕೆ ದಂಡ ಹಾಕುವುದು ಇವುಗಳ ನಡುವೆ ನಾನೇ ಹಚ್ಚಿಕೊಂಡ ಒಂದು ಕೆಲಸವಿತ್ತು. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ದಿನವೂ ‘ಈ ದಿನ’ ಎಂದು ಬರೆದು, ಹಿಂದೆ ಆ ತಾರೀಖಿನಂದು ನಡೆದ ಎರಡು ಮೂರು ಸಂಗತಿಗಳನ್ನು ಹಾಕುವುದು. ಇದಕ್ಕಾಗಿ ಒಂದು ದಪ್ಪ ರಿಜಿಸ್ಟರ್ ಇಟ್ಟುಕೊಂಡಿದ್ದೆ. ದಿನಕ್ಕೊಂದು ಪುಟ, ಫೆಬ್ರವರಿ 29ಕ್ಕೂ ಸೇರಿ 366 ಪುಟ. ಕೆಲವು ಪುಟಗಳು ಕಡೆಯವರೆಗೂ ಬಡವಾಗಿಯೇ ಉಳಿದವು. ಡಿಸೆಂಬರ್ 10ರ ಪುಟ ಮಾತ್ರ ತುಂಬಿ, ಅಂಚಿನಲ್ಲಿ ಬರೆದು, ಬೇರೆ ಹಾಳೆ ಅಂಟಿಸಿ, ಅದೂ ಸಾಲದೆ ಹೋಯಿತು. ಅದಕ್ಕೆ ಒಂದು ಕಾರಣ ನಾನಿದ್ದ ಬಡಾವಣೆಯೇ.

ಮೊದಲು ವೃತ್ತಿಯ ಋಣ ತೀರಿಸುತ್ತೇನೆ. 1851ರ ಡಿಸೆಂಬರ್ 10ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮೆಲ್ವಿಲ್ ಡ್ಯೂಯಿ ಹುಟ್ಟಿದ. ಜಗತ್ತಿನ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತು ಮಾಡಿ, ಪುಸ್ತಕದ ಬೆನ್ನಿಗೆ ದಶಮಾಂಶದ ನಂಬರು ಅಂಟಿಸುವ ಪದ್ಧತಿಯನ್ನು 1876ರಲ್ಲಿ ಪ್ರಕಟಿಸಿದವನು. ಅಕ್ಷರ ಪೋಲಾಗುತ್ತದೆಂದು ತನ್ನ ಹೆಸರಿನ ಕಾಗುಣಿತವನ್ನೇ ಕತ್ತರಿಸಿಕೊಂಡ ಆಸಾಮಿ. ಅಮೆರಿಕದಲ್ಲಿ ಈಗಲೂ ಅವನ ಹುಟ್ಟುಹಬ್ಬವನ್ನು ‘ಡ್ಯೂಯಿ ದಶಮಾಂಶ ಪದ್ಧತಿಯ ದಿನ’ ಎಂದು ಆಚರಿಸುವವರಿದ್ದಾರೆ. ನಮ್ಮಲ್ಲಿ ಆಯುಧಪೂಜೆಗೆ ಲಾರಿಗೆ ಕುಂಬಳಕಾಯಿ ಒಡೆಯುವ ಹಾಗೆ ಅವರು ಕಪಾಟಿಗೆ ಏನಾದರೂ ಮಾಡುತ್ತಾರೋ ಏನೋ.

ಡ್ಯೂಯಿಯ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ನಂಬರು 894.814. ಈ ನಂಬರನ್ನು ನನ್ನ ಕೈಯಾರೆ ಸಾವಿರಾರು ಪುಸ್ತಕಗಳ ಬೆನ್ನಿಗೆ ಬರೆದಿದ್ದೇನೆ. 800 ಎಂದರೆ ಸಾಹಿತ್ಯ. ಅದರಲ್ಲಿ ಅಮೆರಿಕದ್ದಕ್ಕೆ ಪೂರಾ ಒಂದು ಮನೆ, ಇಂಗ್ಲಿಷಿಗೆ ಒಂದು ಮನೆ, ಜರ್ಮನ್, ಫ್ರೆಂಚ್, ಲ್ಯಾಟಿನ್ ಎಲ್ಲಕ್ಕೂ ಒಂದೊಂದು. ಕಡೆಗೆ 890 ಎಂಬ ಛತ್ರ, ಅಲ್ಲಿ ‘ಇತರರು’. ಆ ಛತ್ರದ 894ನೆಯ ಕೋಣೆಯಲ್ಲಿ ಟರ್ಕಿ, ಹಂಗೇರಿ, ಫಿನ್ಲೆಂಡಿನವರ ಜೊತೆ ನಮ್ಮ ಪಂಪ, ಬಸವಣ್ಣ, ಕುಮಾರವ್ಯಾಸ, ಕುವೆಂಪು ಎಲ್ಲರೂ ಚಾಪೆ ಹಾಸಿಕೊಂಡಿದ್ದಾರೆ. ಸಾವಿರ ವರ್ಷದ ಸಾಹಿತ್ಯವು ದಶಮಾಂಶದ ಮೂರನೆಯ ಸ್ಥಾನದಲ್ಲಿದೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಇದರಿಂದ ನನಗೆ ಕೋಪ ಬರುತ್ತಿತ್ತು. ಆಮೇಲೆ ಹಂಗೇರಿಯವರ ಸಹವಾಸ ಕೆಟ್ಟದ್ದೇನಲ್ಲ ಅನ್ನಿಸಿತು. ಇದಕ್ಕೆ ಬದಲಾಗಿ 1933ರಲ್ಲಿ ಕೋಲನ್ ವರ್ಗೀಕರಣವನ್ನು ಕೊಟ್ಟ ಎಸ್. ಆರ್. ರಂಗನಾಥನ್ ಅವರು ಕೊನೆಗೆ ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲೊಂದು ತರಬೇತಿ ಕೇಂದ್ರ ತೆರೆದು 1972ರಲ್ಲಿ ಇಲ್ಲೇ ತೀರಿಕೊಂಡರು. ಡ್ಯೂಯಿಯ ಮಾತು ಹೇಳುವಾಗ ಇನ್ನೊಂದನ್ನೂ ಹೇಳಬೇಕು. ಅವನು ನಡೆಸುತ್ತಿದ್ದ ಕ್ಲಬ್ಬಿಗೆ ಯಹೂದಿಗಳಿಗೆ ಪ್ರವೇಶವಿರಲಿಲ್ಲ, ಹೆಂಗಸರ ಜೊತೆ ಅವನ ನಡತೆಯ ಬಗ್ಗೆ ದೂರುಗಳಿದ್ದವು. ಅಮೆರಿಕದ ಗ್ರಂಥಾಲಯ ಸಂಘ 2019ರಲ್ಲಿ ತನ್ನ ಪದಕದಿಂದ ಅವನ ಹೆಸರನ್ನು ತೆಗೆದುಹಾಕಿತು. ಪುಸ್ತಕಗಳನ್ನು ಬೇರೆ ಬೇರೆ ಇಡುವುದು ಒಳ್ಳೆಯದು. ಮನುಷ್ಯರ ವಿಷಯ ಬೇರೆ.

ಇನ್ನು ನಮ್ಮ ಬಡಾವಣೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಊರಿನ ಪಶ್ಚಿಮಕ್ಕೆ ಕಾರ್ಖಾನೆಗಳಿಗೂ ಅವುಗಳ ಕೆಲಸಗಾರರಿಗೂ ಎಂದು ಎದ್ದ ವಿಸ್ತರಣೆಗೆ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರಿಟ್ಟು ರಾಜಾಜಿನಗರ ಎಂದರು. ಇಂಡಸ್ಟ್ರಿಯಲ್ ಟೌನ್ ಎಂಬ ಹೆಸರು ಅದರ ಒಂದು ಭಾಗಕ್ಕೆ ಇನ್ನೂ ಉಳಿದಿದೆ. ಈಗಿನ ಹುಡುಗರನ್ನು ಕೇಳಿದರೆ ‘ರಾಜಾಜಿ ಅಂದ್ರೆ ಡಾಕ್ಟರ್ ರಾಜ್‌ಕುಮಾರ್ ಅಲ್ವಾ ಸಾರ್?’ ಎನ್ನುತ್ತಾರೆ. ಅವರದೇನು ತಪ್ಪಿಲ್ಲ. ಬಡಾವಣೆಯ ನಡುವೆ ಹಾದುಹೋಗುವ ರಸ್ತೆಗೆ ರಾಜ್‌ಕುಮಾರ್ ಹೆಸರೇ ಇದೆ. ನವರಂಗ್ ಟಾಕೀಸಿನ ಮುಂದೆ ಅವರ ಕಟೌಟಿಗೆ ಹಾರ ಹಾಕಿದ ತಲೆಮಾರಿನ ಮಕ್ಕಳು ಇವರು. ನೆರೆಯ ವಿಜಯನಗರಕ್ಕೆ ಒಂದು ಸಾಮ್ರಾಜ್ಯದ ಹೆಸರು, ಬಸವೇಶ್ವರನಗರಕ್ಕೆ ಬಸವಣ್ಣನ ಹೆಸರು, ಕೆಂಗೇರಿಗೆ ಅದರದೇ ಹಳೆಯ ಹೆಸರು. ರಾಜಾಜಿನಗರವೊಂದು ಮಾತ್ರ ಕನ್ನಡಿಗರಲ್ಲದ ಒಬ್ಬ ಮುತ್ಸದ್ದಿಯ ಹೆಸರನ್ನು ಹೊತ್ತುಕೊಂಡಿದೆ.

ಕನ್ನಡಿಗರಲ್ಲದ ಎಂದೆ. ಅದೂ ಪೂರ್ತಿ ಸರಿಯಾದ ಮಾತಲ್ಲ. ರಾಜಾಜಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ. ಆಗ ಅದು ಸೇಲಂ ಜಿಲ್ಲೆ, ಈಗ ಕೃಷ್ಣಗಿರಿ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ ಸೀಮೆ ಅದು. ಓದಿದ್ದು ಹೊಸೂರಿನ ಶಾಲೆ, ಆಮೇಲೆ ನಮ್ಮ ಸೆಂಟ್ರಲ್ ಕಾಲೇಜು. ಅಂದರೆ ಮದರಾಸಿಗೆ ಲಾ ಓದಲು ಹೋಗುವ ಮೊದಲೇ ಅವರಿಗೆ ಬೆಂಗಳೂರಿನ ನೀರು ಒಗ್ಗಿತ್ತು.

ಅದೇ ರಾಜಾಜಿನಗರದ ಎರಡನೆಯ ಬ್ಲಾಕಿನಲ್ಲಿ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಒಂದು ಕಾಲೇಜಿದೆ: ಎಸ್. ನಿಜಲಿಂಗಪ್ಪ ಕಾಲೇಜು. ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10, ಬಳ್ಳಾರಿ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ರಾಜಾಜಿಗಿಂತ ಸರಿಯಾಗಿ 24 ವರ್ಷ ಚಿಕ್ಕವರು. ಅವರೂ ಬಿ.ಎ. ಮಾಡಿದ್ದು ಅದೇ ಸೆಂಟ್ರಲ್ ಕಾಲೇಜಿನಲ್ಲಿ, ಅವರೂ ಆಮೇಲೆ ಲಾ ಓದಿದವರು, ಅವರೂ ಸಣ್ಣ ಊರಿನಲ್ಲಿ ವಕೀಲಿಕೆ ನಡೆಸುತ್ತ ಕಾಂಗ್ರೆಸ್ಸಿಗೆ ಬಂದವರು. ಅವರು ಸೇಲಂ, ಇವರು ಚಿತ್ರದುರ್ಗ. ಒಬ್ಬರ ಹೆಸರಿನ ಬಡಾವಣೆಯ ಒಳಗೆ ಇನ್ನೊಬ್ಬರ ಹೆಸರಿನ ಕಾಲೇಜು, ಇಬ್ಬರಿಗೂ ಒಂದೇ ಹುಟ್ಟುಹಬ್ಬ. ಯಾರೂ ಯೋಚಿಸಿ ಮಾಡಿದ್ದಲ್ಲ, ಹಾಗೆ ಆಗಿಹೋಗಿದೆ ಅಷ್ಟೆ.

ನಿಜಲಿಂಗಪ್ಪನವರು ಹುಟ್ಟಿದ ದಿನವೇ ಈಜಿಪ್ಟಿನಲ್ಲಿ ನೈಲ್ ನದಿಗೆ ಕಟ್ಟಿದ ಮೊದಲ ಆಸ್ವಾನ್ ಅಣೆಕಟ್ಟು ಉದ್ಘಾಟನೆಯಾಯಿತು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದಾಗ ಇಲ್ಲಿ ಮುಖ್ಯಮಂತ್ರಿಯಾಗಿದ್ದವರು ನಿಜಲಿಂಗಪ್ಪ. ಇಂಥ ಹೊಂದಾಣಿಕೆಗೆ ಅರ್ಥ ಹಚ್ಚಲು ನಾನು ಜೋಯಿಸನಲ್ಲ. ಆದರೆ ಹಲಗೆಯ ಮೇಲೆ ಬರೆದ ದಿನ ಹುಡುಗರು ನಿಂತು ಓದಿದರು.

ಈ ಇಬ್ಬರ ಜಗಳ ನನಗೆ ಪುಸ್ತಕದಿಂದ ತಿಳಿದದ್ದಕ್ಕಿಂತ ನಮ್ಮ ಮನೆಯ ಜಗಲಿಯ ಮೇಲೆ ತಿಳಿದದ್ದೇ ಹೆಚ್ಚು. ನಮ್ಮಪ್ಪ ಹರಪನಹಳ್ಳಿ ತಾಲ್ಲೂಕಿನವರು. ರಾಜ್ಯ ಒಂದಾದ ಮೇಲೆ ಬೆಂಗಳೂರಿಗೆ ಬಂದು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಬದುಕು ಸವೆಸಿದವರು. ನಿಜಲಿಂಗಪ್ಪ ಎಂದರೆ ಅವರಿಗೆ ‘ನಮ್ಮೂರ ಕಡೆಯೋರು’. ನಮ್ಮ ಮನೆಯಿಂದ ಮೂರನೆಯ ಮಳಿಗೆಯಲ್ಲಿ ಒಬ್ಬ ಟೈಲರ್ ಇದ್ದರು. ನಮಗೆಲ್ಲ ಅವರು ಟೈಲರ್ ಮಾಮ. ಹೊಸೂರಿನ ಆಚೆಯ ಹಳ್ಳಿಯವರು. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು, ಹೆಂಡತಿಯ ಕಡೆಯವರ ಜೊತೆ ತೆಲುಗು. ಅಳತೆ ಬರೆದುಕೊಳ್ಳುತ್ತಿದ್ದದ್ದು ತಮಿಳಿನಲ್ಲಿ. ಅವರಿಗೆ ರಾಜಾಜಿ ‘ನಮ್ಮೂರ ಪಕ್ಕದೋರು’.

ಸಂಜೆ ಪಾಳಿ ಇಲ್ಲದ ದಿನ ಅಪ್ಪ ಟೈಲರ್ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದರು. ಮಾತು ಎಲ್ಲಿಂದಲೋ ಶುರುವಾಗಿ ಕಡೆಗೆ ಭಾಷಾವಾರು ಪ್ರಾಂತದಲ್ಲಿ ಬಂದು ನಿಲ್ಲುತ್ತಿತ್ತು.

‘ರಾಜಾಜಿಯೋರು ಬ್ಯಾಡ ಅಂದಿದ್ದೇ ಸರಿ ಅಣ್ಣಾ. ಭಾಷೆಗೊಂದು ಬೇಲಿ ಹಾಕಿದ್ರೆ ನಮ್ಮಂಥೋರು ಎಲ್ಲಿಗೆ ಹೋಗ್ಬೇಕು? ಬೇಲಿ ಮೇಲೆ ಕೂತ್ಕೊಳ್ಳಾಣಾ?’

‘ಬೇಲಿ ಇರ್ಲಿಲ್ಲ ಅಂದ್ರ ನಾನು ಎಲ್ಲಿಗೆ ಹೋಗ್ಬೇಕಿತ್ರಿ ಟೈಲರ್ರೇ? ನಮ್ಮೂರಾಗ ಬಾವಿ ತೋಡ್ಸಾಕ ಮದ್ರಾಸಿಗೆ ಅರ್ಜಿ ಬರೀಬೇಕಿತ್ತು. ಅಲ್ಲಿದ್ದೋರಿಗೆ ಹರಪನಹಳ್ಳಿ ಅಂದ್ರ ಊರೋ ದನದ ಹೆಸರೋ ಗೊತ್ತಿರ್ಲಿಲ್ಲ.’

ಇಬ್ಬರ ಮಾತಿನಲ್ಲೂ ಉತ್ಪ್ರೇಕ್ಷೆ ಇತ್ತು, ಇಬ್ಬರ ಮಾತಿನಲ್ಲೂ ಹುರುಳೂ ಇತ್ತು. 1956ಕ್ಕೆ ಮೊದಲು ಕನ್ನಡ ಮಾತಾಡುವ ಜನ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಅಪ್ಪನ ಊರು ಇದ್ದದ್ದು ಮದರಾಸಿನಲ್ಲಿ. ಆಂಧ್ರ ಬೇರೆಯಾದ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋಗಿ ಉಳಿದ ಭಾಗ ಮೈಸೂರಿಗೆ ಬಂತು. ಆ ದಿನ ಮದರಾಸಿನ ಮುಖ್ಯಮಂತ್ರಿ ಯಾರು? ಭಾಷಾವಾರು ರಾಜ್ಯಗಳೆಂದರೆ ಆಗದ ರಾಜಾಜಿಯವರೇ. ನಿಜಲಿಂಗಪ್ಪನವರು ಹುಟ್ಟಿದ ಹಳ್ಳಿ ಮದರಾಸಿನ ನಕ್ಷೆಯಿಂದ ಜಾರಿ ಕನ್ನಡದ ಸೀಮೆಗೆ ಬಂದದ್ದು ಅವರ ಜೊತೆ ಹುಟ್ಟುಹಬ್ಬ ಹಂಚಿಕೊಂಡವರ ಆಡಳಿತದ ಕಾಲದಲ್ಲಿ. ಮುಂದೆ ಮೂರು ವರ್ಷಕ್ಕೆ, 1956ರ ನವೆಂಬರ್ 1ರಂದು, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿ ನಿಜಲಿಂಗಪ್ಪ ಬಂದರು. ಆದರೆ ಹೊಸೂರು, ತಾಳವಾಡಿ ಮದರಾಸಿನಲ್ಲೇ ಉಳಿದವು, ಕಾಸರಗೋಡು ಕೇರಳಕ್ಕೆ ಹೋಯಿತು. ಟೈಲರ್ ಮಾಮನ ಬೇಲಿಯ ಮಾತು ಸುಳ್ಳಲ್ಲ.

ಆ ಬೇಲಿಯ ಗೂಟ ಎಲ್ಲಿ ನೆಡಬೇಕೆಂದು ಹೇಳಲು ಮೂವರ ಆಯೋಗ ನೇಮಕವಾಗಿತ್ತಲ್ಲ, ಫಜಲ್ ಅಲಿ, ಕುಂಜ್ರು, ಪಣಿಕ್ಕರ್, ಅವರು 1955ರ ವರದಿಯಲ್ಲಿ ತುಂಗಭದ್ರೆಯ ಅಣೆಕಟ್ಟನ್ನು ನೋಡಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಿ ಎಂದಿದ್ದರು. ಇಲ್ಲಿಯ ಜನ ಎದ್ದು ನಿಂತ ಮೇಲೆ ಕೇಂದ್ರ ಆ ಮಾತನ್ನು ಬಿಟ್ಟಿತು. ಅಪ್ಪನಿಗೆ ಪಣಿಕ್ಕರ್ ಹೆಸರೆತ್ತಿದರೆ ಹುಬ್ಬು ಗಂಟಾಗುತ್ತಿತ್ತು. ಕೆ. ಎಂ. ಪಣಿಕ್ಕರ್ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಬಂದು, ಮೈಸೂರಿನಲ್ಲೇ ತೀರಿಕೊಂಡರು. ಯಾವತ್ತು ಎಂದು ನೋಡಿದರೆ 1963ರ ಡಿಸೆಂಬರ್ 10. ಅಂದು ನಿಜಲಿಂಗಪ್ಪನವರಿಗೆ 61 ತುಂಬಿತ್ತು, ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದರು. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಡೀಗೆ ನಮ್ಮ ಮಣ್ಣಾಗ ಬಂದಾನಲ್ಲ, ಹೋಗ್ಲಿ’ ಎಂದರು.

ರಾಜಾಜಿ, ನಿಜಲಿಂಗಪ್ಪ ಇಬ್ಬರದೂ ಒಂದೇ ದಿನ ಎಂದು ಅಂಗಡಿಯ ಬೆಂಚಿನ ಮೇಲೆ ನಾನು ಹೇಳಿದಾಗ ಇಬ್ಬರೂ ನಂಬಲಿಲ್ಲ. ಟೈಲರ್ ಮಾಮ ಗೋಡೆಯ ಮೇಲಿನ ದಿನದ ಹಾಳೆಯ ತಮಿಳು ಕ್ಯಾಲೆಂಡರನ್ನು ತೆಗೆದು ಡಿಸೆಂಬರಿನವರೆಗೆ ಮಗುಚಿ ನೋಡಿ, ‘ರಾಜಾಜಿದು ಐತೆ, ನಿಮ್ಮೋರ್ದು ಇಲ್ಲ’ ಎಂದು ನಕ್ಕರು. ‘ಅದು ನಿಮ್ಮ ಕ್ಯಾಲೆಂಡರಿನ ತಪ್ಪು’ ಎಂದು ಅಪ್ಪ.

ಇಬ್ಬರು ನಾಯಕರೂ ಕಡೆಗೆ ಒಂದೇ ಪಾಳಯಕ್ಕೆ ಬಂದರು ಎಂಬುದು ಈ ಕತೆಯ ವಿಚಿತ್ರ. ರಾಜಾಜಿ 1959ರಲ್ಲಿ ಕಾಂಗ್ರೆಸ್ಸಿಗೆ ಎದುರಾಗಿ ಸ್ವತಂತ್ರ ಪಕ್ಷ ಕಟ್ಟಿದರು. ನಿಜಲಿಂಗಪ್ಪ ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರಾಗಿ 1969ರ ಜುಲೈಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎ.ಐ.ಸಿ.ಸಿ. ಅಧಿವೇಶನ ನಡೆಸಿದರು. ಅಲ್ಲಿ ಬಿದ್ದ ಬಿರುಕು ನವೆಂಬರಿನಲ್ಲಿ ಇಂದಿರಾ ಗಾಂಧಿಯವರ ಉಚ್ಚಾಟನೆಯವರೆಗೂ ಹೋಗಿ ಪಕ್ಷ ಇಬ್ಭಾಗವಾಯಿತು. 1971ರ ಚುನಾವಣೆಯಲ್ಲಿ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸೂ ರಾಜಾಜಿಯವರ ಸ್ವತಂತ್ರ ಪಕ್ಷವೂ ಜನಸಂಘ, ಸಂಯುಕ್ತ ಸಮಾಜವಾದಿಗಳ ಜೊತೆಗೂಡಿ ಇಂದಿರಾ ವಿರುದ್ಧ ನಿಂತವು. ಫಲಿತಾಂಶ: ಇಂದಿರಾ ಕಾಂಗ್ರೆಸ್ಸಿಗೆ 352, ಸಂಸ್ಥಾ ಕಾಂಗ್ರೆಸ್ಸಿಗೆ 16, ಸ್ವತಂತ್ರಕ್ಕೆ 8. ಮೈಸೂರು ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಪಾಲು. ಭಾಷೆಯ ಬೇಲಿಯ ಎರಡು ಬದಿಗೆ ನಿಂತಿದ್ದವರು ಒಟ್ಟಿಗೆ ಸೇರಿ ಒಟ್ಟಿಗೇ ಸೋತರು. ಮರುವರ್ಷ ಡಿಸೆಂಬರ್ 25ರಂದು ರಾಜಾಜಿ ಹೋದರು. ನಿಜಲಿಂಗಪ್ಪ ತೊಂಬತ್ತೇಳು ವರ್ಷ ಬದುಕಿ 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ಕಣ್ಣು ಮುಚ್ಚಿದರು.

ರಿಜಿಸ್ಟರಿನ ಆ ಪುಟದಲ್ಲಿ ಹೊರದೇಶದವರೂ ಬಹಳ. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ 1896ರ ಡಿಸೆಂಬರ್ 10ರಂದು ಇಟಲಿಯಲ್ಲಿ ಸತ್ತ. ಅವತ್ತು ರಾಜಾಜಿಗೆ 18 ತುಂಬಿತ್ತು. ಅದಕ್ಕೇ ನೊಬೆಲ್ ಬಹುಮಾನ ಕೊಡುವುದು ಪ್ರತಿವರ್ಷ ಆ ದಿನ. 1930ರ ಡಿಸೆಂಬರ್ 10ರಂದು ಸ್ಟಾಕ್‌ಹೋಮಿನಲ್ಲಿ ಅದನ್ನು ಪಡೆದ ಸಿ. ವಿ. ರಾಮನ್ 1933ರಲ್ಲಿ ನಮ್ಮ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. 1954ರಲ್ಲಿ ಭಾರತರತ್ನ ಮೊದಲ ಸಲ ಕೊಟ್ಟಾಗ ಪಡೆದ ಮೂವರು ರಾಜಾಜಿ, ರಾಧಾಕೃಷ್ಣನ್ ಮತ್ತು ರಾಮನ್. ಒಬ್ಬರು ಆ ದಿನ ಹುಟ್ಟಿದವರು, ಒಬ್ಬರು ಆ ದಿನ ಬಹುಮಾನ ಪಡೆದವರು, ಇನ್ನೊಬ್ಬರು ಮೈಸೂರಿನಲ್ಲಿ ಪಾಠ ಹೇಳಿದವರು. ಮೌಲಾನಾ ಮಹಮದ್ ಅಲಿ ಜೌಹರ್ ಹುಟ್ಟಿದ್ದು ರಾಜಾಜಿ ಹುಟ್ಟಿದ ವರ್ಷ, ತಿಂಗಳು, ತಾರೀಖಿಗೇ. 1923ರಲ್ಲಿ ಕಾಕಿನಾಡ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಅವರ ನಂತರ ಮರುವರ್ಷ ಆ ಪೀಠಕ್ಕೆ ಬೆಳಗಾವಿಯಲ್ಲಿ ಬಂದವರು ಗಾಂಧೀಜಿ. ಮೊದಲ ಕಂಪ್ಯೂಟರ್ ಪ್ರೋಗ್ರಾಮ್ ಬರೆದವಳೆಂದು ಹೇಳುವ ಏಡಾ ಲವ್‌ಲೇಸ್ 1815ರ ಡಿಸೆಂಬರ್ 10ರ ಕೂಸು, ಕವಿ ಬೈರನ್ನನ ಮಗಳು. ಅವಳ ಹೆಸರಿನ ಕಂಪ್ಯೂಟರ್ ಭಾಷೆಗೆ ಅಮೆರಿಕದ ಸೈನ್ಯ ಕೊಟ್ಟ ನಂಬರಿನಲ್ಲೂ 1815 ಇದೆ. ಇದನ್ನು ಬರೆದ ದಿನ ಮಾತ್ರ ಬಿ.ಸಿ.ಎ. ಹುಡುಗಿಯರು ಹಲಗೆಯ ಮುಂದೆ ಗುಂಪು ಕಟ್ಟಿದ್ದರು.

ಅಮೆರಿಕದವರಿಗೆ ದಿನಕ್ಕೊಂದು ತಮಾಷೆಯ ಹಬ್ಬ ಬೇಕು. ಡಿಸೆಂಬರ್ 10ಕ್ಕೆ ಅವರು ಇಟ್ಟುಕೊಂಡಿರುವ ಇನ್ನೊಂದು ಹಬ್ಬ ‘ಲಾಗರ್ ದಿನ’, ಅಂದರೆ ಬೀರಿನ ಹಬ್ಬ. ನಮ್ಮ ರಾಜಾಜಿ ಯಾರು? 1937ರಲ್ಲಿ ಮದರಾಸಿನ ಪ್ರಧಾನಿಯಾದ ಕೂಡಲೇ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದವರು. ಅದರಿಂದ ಖಜಾನೆಗೆ ಬಿದ್ದ ತೂತು ಮುಚ್ಚಲು 1939ರಲ್ಲಿ ಮಾರಾಟ ತೆರಿಗೆ ಹಾಕಿದವರು. ಕುಡಿಯುವುದು ನಿಂತೀತೋ ಇಲ್ಲವೋ, ಮಾರಾಟ ತೆರಿಗೆ ಮಾತ್ರ ದೇಶವೆಲ್ಲ ಹಬ್ಬಿತು. ಅವರ ಹೆಸರಿನ ಬಡಾವಣೆಯಲ್ಲಿ ಈಗ ಎಷ್ಟು ಬಾರುಗಳಿವೆ ಎಂದು ಎಣಿಸುವ ಕೆಲಸಕ್ಕೆ ನಾನು ಹೋಗಿಲ್ಲ. ವಾಕಿಂಗಿನ ದಾರಿಯಲ್ಲೇ ನಾಲ್ಕು ಸಿಗುತ್ತವೆ.

1948ರ ಡಿಸೆಂಬರ್ 10ಕ್ಕೆ ಬೇರೆ ಗಾಂಭೀರ್ಯವಿದೆ. ಅಂದು ಪ್ಯಾರಿಸ್ಸಿನಲ್ಲಿ ಸೇರಿದ್ದ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿತು. ಪರವಾಗಿ 48 ದೇಶ, ತಟಸ್ಥ 8, ವಿರೋಧ ಯಾರೂ ಇಲ್ಲ. ಅದರ ಮೊದಲ ವಿಧಿಯ ಕರಡಿನಲ್ಲಿ ‘ಎಲ್ಲ ಪುರುಷರೂ’ ಎಂಬ ಅರ್ಥ ಬರುತ್ತಿದ್ದದ್ದನ್ನು ‘ಎಲ್ಲ ಮಾನವರೂ’ ಎಂದಾಗಿಸಲು ಪಟ್ಟು ಹಿಡಿದವರು ಭಾರತದ ಹಂಸಾ ಮೆಹ್ತಾ. ಆ ದಿನ ದೆಹಲಿಯ ಗವರ್ನರ್ ಜನರಲ್ ಭವನದಲ್ಲಿದ್ದವರು ರಾಜಾಜಿ. ಅವರಿಗೆ ಅಂದು 70 ತುಂಬಿತು. ಮೂವತ್ತು ವಿಧಿಗಳ ಆ ಪತ್ರದಲ್ಲಿ ಒಂದು ವಿಧಿ, ಪ್ರತಿಯೊಬ್ಬನಿಗೂ ತನ್ನ ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕಿದೆ ಎನ್ನುತ್ತದೆ.

ಇದರ ಮುಂದಿನ ಸಾಲು ನನ್ನ ರಿಜಿಸ್ಟರಿನಲ್ಲಿ ಬಹಳ ವರ್ಷ ಇರಲಿಲ್ಲ. ಕಾವೇರಿ ನ್ಯಾಯಮಂಡಳಿ 1991ರ ಜೂನಿನಲ್ಲಿ ಮಧ್ಯಂತರ ಆದೇಶ ಕೊಟ್ಟು, ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದಿತು. ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು, ಸುಪ್ರೀಂ ಕೋರ್ಟು ಅದು ನಿಲ್ಲದು ಎಂದಿತು. ಕೇಂದ್ರ ಆ ಆದೇಶವನ್ನು ಗೆಜೆಟ್ಟಿನಲ್ಲಿ ಅಧಿಸೂಚಿಸಿತು. ಅಧಿಸೂಚನೆಯ ತಾರೀಖು 10-12-1991. ಮಾನವ ಹಕ್ಕುಗಳ ದಿನ, ರಾಜಾಜಿ ಹುಟ್ಟಿದ ದಿನ, ನಿಜಲಿಂಗಪ್ಪ ಹುಟ್ಟಿದ ದಿನ.

ಎರಡು ದಿನ ಬಿಟ್ಟು, 12 ಮತ್ತು 13ರಂದು, ಬೆಂಗಳೂರು ಹೊತ್ತಿಕೊಂಡಿತು. ನೀರಿನ ಸಿಟ್ಟು ನ್ಯಾಯವಾದದ್ದೇ. ನಮ್ಮ ಪಶ್ಚಿಮದ ಬಡಾವಣೆಗಳು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯ ನೀರು ಕುಡಿದು ಬೆಳೆದವು. 1974ರಲ್ಲಿ ಊರಿಗೆ ಕಾವೇರಿ ಬಂದ ಮೇಲೆ ಅದೇ ಜೀವನಾಡಿಯಾಯಿತು. ಮಂಡ್ಯದ ರೈತನ ಹೊಟ್ಟೆಯುರಿಯನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು. ಆದರೆ ಗೆಜೆಟ್ಟಿಗೆ ಹಚ್ಚಲಾಗದ ಬೆಂಕಿಯನ್ನು ಗೂಡಂಗಡಿಗೆ ಹಚ್ಚುವುದು ಯಾವ ನ್ಯಾಯ? ಕಾವೇರಿಯ ನಕ್ಷೆಯನ್ನೇ ನೋಡದ ಕೂಲಿಯವರು ಮೂಟೆ ಕಟ್ಟಿಕೊಂಡು ರೈಲಿಗೆ ಓಡಿದರು. ಜೀವಗಳೂ ಹೋದವು. ಕರ್ಫ್ಯೂ ಬಂತು.

ಹನ್ನೆರಡರ ಮಧ್ಯಾಹ್ನ ನಮ್ಮ ತಾರಸಿಯಿಂದ ಎರಡು ಕಡೆ ಹೊಗೆ ಕಾಣುತ್ತಿತ್ತು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಟೈಲರ್ ಅಂಗಡಿಗೆ ಹೋದರು, ಹಿಂದೆಯೇ ನಾನು. ಟೈಲರ್ ಮಾಮ ಶಟರ್ ಅರ್ಧ ಇಳಿಸಿಕೊಂಡು ಯಾರದೋ ಮದುವೆಯ ಕೋಟಿಗೆ ಗುಂಡಿ ಹಾಕುತ್ತಿದ್ದರು. ಅಪ್ಪ ಒಳಗೆ ನುಗ್ಗಿ ಮಾತಿಲ್ಲದೆ ಗೋಡೆಯ ಕ್ಯಾಲೆಂಡರ್ ಕಿತ್ತು ಬನಿಯನ್ನಿನ ಒಳಗೆ ಇಟ್ಟುಕೊಂಡರು. ಅಳತೆಯ ಪುಸ್ತಕ ನನ್ನ ಕೈಗೆ ಕೊಟ್ಟರು. ತಮ್ಮ ಕಾರ್ಖಾನೆಯ ಕನ್ನಡ ಕ್ಯಾಲೆಂಡರನ್ನು ಅದೇ ಮೊಳೆಗೆ ತೂಗುಹಾಕಿದರು. ‘ನಡೀರಿ ಮನೀಗೆ’ ಎಂದರು. ‘ಕೋಟು ನಾಳೆ ಕೊಡ್ಬೇಕಣ್ಣಾ’ ಎಂದು ಟೈಲರ್ ಮಾಮ. ಕೋಟನ್ನೂ ಹೊತ್ತುಕೊಂಡು ಬಂದೆವು. ಅವರ ಹೆಂಡತಿ ಮಕ್ಕಳು ಆಗಲೇ ನಮ್ಮ ಅಡುಗೆಮನೆಯಲ್ಲಿದ್ದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮೂರು ದಿನ ಇದ್ದರು. ಆ ಮೂರು ದಿನ ಅಪ್ಪನೂ ಟೈಲರ್ ಮಾಮನೂ ರಾಜಾಜಿಯ ಮಾತನ್ನೂ ನಿಜಲಿಂಗಪ್ಪನವರ ಮಾತನ್ನೂ ಆಡಲಿಲ್ಲ, ಚೌಕಾಬಾರ ಆಡಿದರು.

ಅಂಗಡಿಗೆ ಏನೂ ಆಗಲಿಲ್ಲ. ಆದರೆ ಎರಡು ವರ್ಷದ ಮೇಲೆ ಅದನ್ನು ಬೇರೆಯವರಿಗೆ ವಹಿಸಿ ಹೊಸೂರಿಗೆ ಹೋದರು. ಅಲ್ಲಿ ಕಾರ್ಖಾನೆಗಳು ಬಂದಿವೆ, ಯೂನಿಫಾರಂ ಹೊಲಿಗೆ ಚೆನ್ನಾಗಿದೆ ಎಂದು ಹೇಳಿದರು. ಅದೂ ನಿಜವೇ ಇರಬೇಕು. ಕ್ಯಾಲೆಂಡರ್ ನಮ್ಮ ಮನೆಯಲ್ಲೇ ಉಳಿದಿತ್ತು. ತಮಿಳು ಒಂದಕ್ಷರ ಬಾರದ ಅಪ್ಪ ಆ ವರ್ಷ ಡಿಸೆಂಬರ್ 31ರವರೆಗೂ ದಿನಾ ಬೆಳಿಗ್ಗೆ ಅದರ ಒಂದು ಹಾಳೆ ಹರಿದರು. ಮುಂದೆ 2016ರ ಸೆಪ್ಟೆಂಬರ್ 12ರಂದು ಮೈಸೂರು ರಸ್ತೆಯ ಕಡೆಯ ಡಿಪೋ ಒಂದರಲ್ಲಿ ಹತ್ತಾರು ಬಸ್ಸುಗಳು ಇದೇ ಕಾವೇರಿಯ ಹೆಸರಿನಲ್ಲಿ ಸುಟ್ಟಾಗ ಅಪ್ಪ ಇರಲಿಲ್ಲ.

ಆ ಪುಟಕ್ಕೆ ನಾನು ಸೇರಿಸಿದ ಕೊನೆಯ ಸಾಲು 2024ರದು. ಅಷ್ಟು ಹೊತ್ತಿಗೆ ನಾನು ನಿವೃತ್ತನಾಗಿದ್ದೆ, ಹಲಗೆ ಇರಲಿಲ್ಲ, ರಿಜಿಸ್ಟರ್ ಇತ್ತು. ಆ ಡಿಸೆಂಬರ್ 10ರ ಮುಂಜಾವ ಎಸ್. ಎಂ. ಕೃಷ್ಣ ಬೆಂಗಳೂರಿನಲ್ಲಿ ತೀರಿಕೊಂಡರು, 92 ವರ್ಷ. ನಿಜಲಿಂಗಪ್ಪನವರ ಕುರ್ಚಿಯಲ್ಲಿ 1999ರಿಂದ 2004ರವರೆಗೆ ಕೂತವರು. ಏಡಾಳ ವಿದ್ಯೆಗೆ ಈ ಊರಿನಲ್ಲಿ ಹಾಸುಗಂಬಳಿ ಹಾಸಿದವರು. ಕಾವೇರಿಯ ನೀರಿಗಾಗಿ 2002ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಮಂಡ್ಯದವರೆಗೆ ಪಾದಯಾತ್ರೆ ಹೋದವರು. ಕೆಂಗೇರಿಯ ಹತ್ತಿರ ಆ ಮೆರವಣಿಗೆಯನ್ನು ನಾನೂ ನಿಂತು ನೋಡಿದ್ದೆ. ಮುಖ್ಯಮಂತ್ರಿಗಳ ಬಿಳಿ ಬೂಟಿಗೆ ಮೈಸೂರು ರಸ್ತೆಯ ಧೂಳು ಹತ್ತಿತ್ತು. ಸರ್ಕಾರ ಮೂರು ದಿನ ಶೋಕ, ಮರುದಿನ ರಜೆ ಸಾರಿತು. ಹುಟ್ಟೂರಾದ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ ಅಂತ್ಯಕ್ರಿಯೆ.

ಪುಟದಲ್ಲಿ ಇನ್ನು ಜಾಗವಿಲ್ಲ. 2028ರ ಡಿಸೆಂಬರ್ 10ಕ್ಕೆ ರಾಜಾಜಿ ಹುಟ್ಟಿ 150 ವರ್ಷ, ಮಾನವ ಹಕ್ಕುಗಳ ಘೋಷಣೆಗೆ 80. ಲೆಕ್ಕ ಹಾಕಿ ನೋಡಿದೆ, ಅಂದು ಭಾನುವಾರ. ಬದುಕಿದ್ದರೆ ತೊರಪಳ್ಳಿಗೆ ಹೋಗಿಬರೋಣ ಎಂದುಕೊಂಡಿದ್ದೇನೆ. ಹೊಸೂರಿನಲ್ಲಿ ಟೈಲರ್ ಮಾಮನ ಮಗ ಯೂನಿಫಾರಂ ಹೊಲಿಯುತ್ತಾನೆ, ಅವನ ವಿಳಾಸ ನನ್ನ ಬಳಿ ಇದೆ.